ಟನಾಗ್ರಾ ಗೊಂಬೆ ಒರೆಸಿದರೆ ಬಣ್ಣ ಬಂತು, ಕುತ್ತಿಗೆ ಹತ್ತಿರ ಕಂದು ಕಲೆ. ಏನು ಮಾಡಲಿ?

ಹಳೇಪೆಟ್ಟಿಗೆ:
ನಮಸ್ಕಾರ. ಪ್ಯಾರಿಸ್‌ನ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಗೊಂಬೆ ಕೊಂಡೆ. ಮೈತುಂಬ ಬಟ್ಟೆ ಹೊದ್ದ ಹೆಂಗಸು, ಒಂದು ಕೈ ಸೊಂಟದ ಮೇಲೆ, ಎತ್ತರ 21 ಸೆಂ.ಮೀ. ಗ್ರೀಸಿನ ಟನಾಗ್ರಾದ ಸುಟ್ಟ ಮಣ್ಣಿನದು ಅಂತ ಹೇಳಿ ಮಾರಿದರು. ಧೂಳು ಜಾಸ್ತಿ ಇತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆಗೆ ನೀಲಿ ಹತ್ತಿತು, ಮಡಿಕೆಗಳು ಬೆಳ್ಳಗಾದವು. ಎರಡು ದಿನಕ್ಕೆ ಕುತ್ತಿಗೆ ಹತ್ತಿರ ಕಂದು ಕಲೆ ಎದ್ದಿದೆ. ತುಂಬಾ ಬೇಜಾರಾಗಿದೆ.

ಬಿಳಿಮಣ್ಣು:
ಒಳಗೆ ಬಿಳಿ ಕಂಡರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಮಣ್ಣಿನದಲ್ಲ.

ಅಚ್ಚುಗಾರ:
ಅಷ್ಟು ಬೇಗ ಹೇಳಲಾಗದು. ಅಸಲಿ ಟನಾಗ್ರಾ ಗೊಂಬೆಗಳಿಗೂ ಸುಡುವ ಮೊದಲು ಬಿಳಿ ಮಣ್ಣಿನ ಲೇಪ ಕೊಡುತ್ತಿದ್ದರು, ಸುಟ್ಟ ಮೇಲೆ ಬಣ್ಣ ಬಳಿಯುತ್ತಿದ್ದರು. ಅದಕ್ಕೇ ಅವುಗಳ ಬಣ್ಣವೂ ನೀರಿಗೆ ನಿಲ್ಲುವುದಿಲ್ಲ. ಮೊದಲು ಒರೆಸುವುದು ನಿಲ್ಲಿಸಿ.

ಪೀಠದ ಅಡಿ ಚಕ್ಕೆ ಎದ್ದ ಜಾಗ ಇದೆಯಾ? ಅಲ್ಲಿ ಇಟ್ಟಿಗೆ ಬಣ್ಣ ಕಂಡರೆ ಮಣ್ಣು. ಬೆಳ್ಳಗಿದ್ದು, ಸೂಜಿಮೊನೆಯಷ್ಟು ಗುಳ್ಳೆ ತೂತುಗಳಿದ್ದರೆ ಪ್ಲಾಸ್ಟರ್. ಅಲ್ಲೇ ಉಗುರಲ್ಲಿ ಮೆಲ್ಲಗೆ ಗೀರಿ, ಪ್ಲಾಸ್ಟರ್‌ಗೆ ಗೆರೆ ಬೀಳುತ್ತದೆ. ಇನ್ನೊಂದು, ಅಸಲಿ ಗೊಂಬೆ ಒಳಗೆ ಪೊಳ್ಳು. ಸುಡುವಾಗ ಬಿರಿಯದಿರಲಿ ಅಂತ ಬೆನ್ನಲ್ಲಿ ಕಿಂಡಿ ಬಿಟ್ಟಿರುತ್ತಾರೆ.

ಹಳೇಪೆಟ್ಟಿಗೆ:
ಪೀಠದಡಿ ಪೂರ್ತಿ ಬಿಳಿ, ಸಣ್ಣ ತೂತುಗಳಿವೆ, ಉಗುರಿಗೆ ಪುಡಿ ಬಂತು. ಬೆನ್ನಲ್ಲಿ ಚೌಕದ ಕಿಂಡಿ ಇದೆ, ಆದರೆ ಕಡ್ಡಿ ಹಾಕಿದರೆ ಎರಡೇ ಮಿಲಿಮೀಟರ್ ಹೋಗುತ್ತದೆ!

ಅಚ್ಚುಗಾರ:
ಹಾಗಾದರೆ ಪ್ಲಾಸ್ಟರ್. ಮೂಲದ ಮೇಲೆ ಅಚ್ಚು ತೆಗೆದಾಗ ಕಿಂಡಿಯ ಗುರುತೂ ಬಂದಿದೆ, ಅಷ್ಟೇ. 1870ರ ಸುಮಾರಿಗೆ ಟನಾಗ್ರಾದ ಸಮಾಧಿಗಳಲ್ಲಿ ಇಂಥ ಗೊಂಬೆಗಳು ರಾಶಿರಾಶಿ ಸಿಕ್ಕವು. 1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಜನ ಮುಗಿಬಿದ್ದು ನೋಡಿದರು. ಆಮೇಲೆ ಎಲ್ಲರಿಗೂ ಮನೆಯಲ್ಲಿ ಒಂದು ಬೇಕು. ನಕಲಿಗಳೂ ಬಂದವು, ನಕಲು ಅಂತಲೇ ಹೇಳಿ ಮಾರುವ ಪ್ಲಾಸ್ಟರ್ ಪ್ರತಿಗಳೂ ಬಂದವು. ನಿಮ್ಮದು ಆ ಕಾಲದ್ದೇ ಆಗಿದ್ದರೆ ಅದಕ್ಕೂ ಬೆಲೆ ಇದೆ, ದಯವಿಟ್ಟು ಹಗುರವಾಗಿ ನೋಡಬೇಡಿ.

ಕಲೆ ಒಳಗಿನ ಕಬ್ಬಿಣದ ತಂತಿಯ ತುಕ್ಕು ಇರಬಹುದು. ಕುತ್ತಿಗೆ, ಕೈಗಳಿಗೆ ಬಲ ಬರಲಿ ಅಂತ ತಂತಿ ಇಡುತ್ತಿದ್ದರು. ಸಣ್ಣ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ, ತಾಗಿಸದೆ ಹತ್ತಿರ ಹಿಡಿಯಿರಿ. ದಾರ ವಾಲಿದರೆ ತಂತಿ ಇದೆ.

ಈಗ ಗಾಳಿಯಾಡುವ ನೆರಳಲ್ಲಿ ಒಣಗಲು ಬಿಡಿ. ಹೇರ್ ಡ್ರೈಯರ್ ಬೇಡ, ಹೀಟರ್ ಪಕ್ಕ ಬೇಡ. ಹೆಚ್ಚು ಬಿಸಿಯಾದರೆ ಪ್ಲಾಸ್ಟರ್ ತನ್ನೊಳಗೆ ಕಟ್ಟಿಕೊಂಡ ನೀರನ್ನೇ ಕಳೆದುಕೊಂಡು ಪುಡಿಯಾಗುತ್ತದೆ.

ಬಿಳಿಮಣ್ಣು:
ಕಲೆ ಮೇಲೆ ನಿಂಬೆರಸ ಹಚ್ಚಬಹುದಾ?

ಅಚ್ಚುಗಾರ:
ಬೇಡವೇ ಬೇಡ. ಹುಳಿಗೆ ಒಳಗಿನ ಕಬ್ಬಿಣ ಇನ್ನಷ್ಟು ತುಕ್ಕು ಹಿಡಿಯುತ್ತದೆ. ವಾರ್ನಿಷ್ ಕೂಡ ಬೇಡ, ಹಳದಿಯಾಗುತ್ತದೆ. ಬಿಳಿಯಾದ ಕಡೆ ಹೊಸ ಬಣ್ಣ ತುಂಬಬೇಡಿ.

ಹಳೇಪೆಟ್ಟಿಗೆ:
ದಾರ ವಾಲಿತು! ಕುತ್ತಿಗೆಯಿಂದ ಎದೆಯವರೆಗೂ. ಕಲೆ ದೊಡ್ಡದಾಗಿಲ್ಲ, ಆದರೆ ಕೂದಲೆಳೆಯಷ್ಟು ಬಿರುಕು ಕಾಣುತ್ತಿದೆ.

ಅಚ್ಚುಗಾರ:
ತುಕ್ಕು ಉಬ್ಬಿದಾಗ ಪ್ಲಾಸ್ಟರ್ ಬಿರಿಯುತ್ತದೆ. ಬಿರುಕಿನ ಎರಡೂ ತುದಿ ಕಾಣುವಂತೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ತಿಂಗಳು ಬಿಟ್ಟು ಅದೇ ಕೋನದಲ್ಲಿ ಇನ್ನೊಂದು. ಬೆಳೆದಿದ್ದರೆ ಪ್ಲಾಸ್ಟರ್ ಕೆಲಸ ಬಲ್ಲ ಸಂರಕ್ಷಕರ ಹತ್ತಿರ ಒಯ್ಯಿರಿ. ಎತ್ತುವಾಗ ತಲೆ ಹಿಡಿಯಬೇಡಿ, ಪೀಠದಡಿ ಎರಡೂ ಕೈ ಕೊಡಿ.