ಚಂಡಮಾರುತ ನೋಡಿ ಬೆಳೆದವರೇ, ನಿಮಗೆ ಏನು ನೆನಪಿದೆ?

ಪ್ರಶ್ನೆ

ನಾವು ಈ ವರ್ಷ ಫ್ಲಾರಿಡಾದ ಟ್ಯಾಂಪಾಕ್ಕೆ ಬಂದಿದ್ದೇವೆ. ಮಗಳಿಗೆ 8 ವರ್ಷ. ಇಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್ ಕಾಲ. ಪಕ್ಕದ ಮನೆಯ ಅಜ್ಜಿ 2024ರ ಕಥೆ ಹೇಳುತ್ತಿದ್ದರು. ಸೆಪ್ಟೆಂಬರ್ 26ಕ್ಕೆ ಹೆಲೀನ್, ಅಕ್ಟೋಬರ್ 9ಕ್ಕೆ ಮಿಲ್ಟನ್. ಎರಡು ವಾರದೊಳಗೆ ಎರಡು ಚಂಡಮಾರುತ. ಮಗಳು ಅಲ್ಲೇ ಕೂತು ಎಲ್ಲ ಕೇಳಿಸಿಕೊಂಡಳು. ಅವತ್ತಿನಿಂದ ರಾತ್ರಿ ಸ್ವಲ್ಪ ಜೋರು ಗಾಳಿ ಬೀಸಿದರೂ ಎದ್ದು ನನ್ನ ಹಾಸಿಗೆಗೆ ಬರುತ್ತಾಳೆ.

ಮನೆಯಲ್ಲಿ ಏನೇನು ತಂದಿಡಬೇಕು ಅನ್ನುವ ಪಟ್ಟಿ ನಮ್ಮ ಹತ್ತಿರ ಇದೆ. ನಾನು ಕೇಳುತ್ತಿರುವುದು ಬೇರೆ. ಚಿಕ್ಕವರಿದ್ದಾಗ ಇಂಥದ್ದನ್ನು ನೋಡಿದವರು ಯಾರಾದರೂ ಇದ್ದರೆ ಹೇಳಿ. ಆಗ ನಿಮ್ಮ ಅಪ್ಪ ಅಮ್ಮ ಏನು ಮಾಡಿದ್ದು ಒಳ್ಳೆಯದಾಯಿತು? ಏನು ಮಾಡಬಾರದಿತ್ತು?

ಭುವನೇಶ್ವರ, 1999

ನನಗೆ ಆಗ 9 ವರ್ಷ. ಅಪ್ಪನಿಗೆ ಭುವನೇಶ್ವರಕ್ಕೆ ವರ್ಗವಾಗಿತ್ತು. ಕ್ವಾರ್ಟರ್ಸ್‌ನಲ್ಲಿ ಇದ್ದೆವು. ಅಕ್ಟೋಬರ್ ಮಧ್ಯದಲ್ಲಿ ಗೋಪಾಲಪುರದ ಕಡೆ ಒಂದು ಚಂಡಮಾರುತ ಬಂದು ಹೋಗಿತ್ತು. ನಮ್ಮ ಕಡೆ ಮಳೆ ಸುರಿದು ಸುಮ್ಮನಾಗಿತ್ತು. ಹಾಗಾಗಿ ಇನ್ನೊಂದು ಬರುತ್ತಿದೆ ಅಂದಾಗ ನಮ್ಮ ಓಣಿಯಲ್ಲಿ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ.

ಅದು ಅಕ್ಟೋಬರ್ 29ರ ಶುಕ್ರವಾರ ಪಾರಾದೀಪದ ಹತ್ತಿರ ದಡಕ್ಕೆ ಬಂತು. ಗಾಳಿಯ ವೇಗ ಗಂಟೆಗೆ 260 ಕಿ.ಮೀ. ಭುವನೇಶ್ವರ ಸ್ವಲ್ಪ ಒಳಗೆ ಇದೆ, ನಮಗೆ ಅಷ್ಟು ಹೊಡೆತ ಬೀಳಲಿಲ್ಲ. ಬಿದ್ದಷ್ಟೇ ಸಾಕಾಗಿತ್ತು. ಮೊದಲು ಕಿಟಕಿ ಸಂದಿಯಲ್ಲಿ ಶಿಳ್ಳೆ ಹಾಕಿದ ಹಾಗೆ ಸದ್ದು. ಮಧ್ಯಾಹ್ನದ ಹೊತ್ತಿಗೆ ಶಿಳ್ಳೆ ಹೋಗಿ, ದೊಡ್ಡ ಲಾರಿಯೊಂದು ಮನೆಗೇ ಒರಗಿ ನಿಂತು ಎಂಜಿನ್ ಓಡಿಸುತ್ತಿರುವ ಹಾಗೆ ಗುರ್ ಅನ್ನುವ ಸದ್ದು. ಅದು ಕಿವಿಗಿಂತ ಜಾಸ್ತಿ ಎದೆಗೆ ಕೇಳುತ್ತಿತ್ತು. ಅಪ್ಪ ಕಬ್ಬಿಣದ ಬೀರುವನ್ನು ತಳ್ಳಿ ಮುಂಬಾಗಿಲಿಗೆ ಒತ್ತು ಕೊಟ್ಟರು. ಅಷ್ಟಾದರೂ ಚಿಲಕ ಕಟಕಟ ಅನ್ನುತ್ತಲೇ ಇತ್ತು. ಕಿಟಕಿ ಮುಚ್ಚಿದ್ದರೂ ನೀರು ಅಡ್ಡಡ್ಡ ಬಂದು ಒಳಗೆ ಚಿಮ್ಮುತ್ತಿತ್ತು.

ಆಗ ಅಮ್ಮ ಒಂದು ಕೆಲಸ ಮಾಡಿದರು. ನನಗೂ ಅಣ್ಣನಿಗೂ ಒಂದೊಂದು ಹಳೇ ಬೆಡ್‌ಶೀಟ್ ಕೊಟ್ಟು, "ನೀನು ಈ ಕಿಟಕಿ, ಅವನು ಆ ಕಿಟಕಿ. ನೆಲ ಒರೆಸಿ ಬಕೆಟ್‌ಗೆ ಹಿಂಡಬೇಕು" ಅಂದರು. ಸಂಜೆವರೆಗೂ ಒರೆಸಿದೆವು, ಹಿಂಡಿದೆವು. ಯಾರ ಬಕೆಟ್ ಮೊದಲು ತುಂಬುತ್ತೆ ಅಂತ ಪೈಪೋಟಿ. ಕೈ ಕೆಂಪಾಗಿತ್ತು. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಭಯ ಆಗಿದ್ದು ನೆನಪಿಲ್ಲ. ರಾತ್ರಿ ಕತ್ತಲಲ್ಲಿ ಸುಮ್ನೆ ಮಲಗಿ ಅಂದಾಗ ಆಯಿತು ಭಯ.

ಆ ಚಂಡಮಾರುತ ಒಳನಾಡಿಗೆ ಹೋಗಿ ಕರಗಲಿಲ್ಲ. ಕರಾವಳಿ ಹತ್ತಿರವೇ ನಿಂತುಬಿಟ್ಟಿತು. ಹಾಗಾಗಿ ಮಳೆ ಎರಡು ದಿನ ಬಿಡಲೇ ಇಲ್ಲ. ಬಾಗಿಲು ತೆಗೆದಾಗ ನಮ್ಮ ರಸ್ತೆ ಗುರುತೇ ಸಿಗಲಿಲ್ಲ. ಸಾಲಾಗಿ ಇದ್ದ ದೊಡ್ಡ ಮರಗಳೆಲ್ಲ ಬುಡ ಸಮೇತ ಬಿದ್ದಿದ್ದವು. ನಿಂತಿದ್ದ ಮರಗಳಲ್ಲಿ ಒಂದು ಎಲೆ ಇಲ್ಲ. ಆಕಾಶ ಇದ್ದಕ್ಕಿದ್ದಂತೆ ದೊಡ್ಡದಾದ ಹಾಗೆ ಕಂಡಿತು.

ಅಕ್ಕ, ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿಂದ ಮುಂದೆ. ಗಾಳಿ ಒಂದೆರಡು ದಿನ. ಆಮೇಲಿನ ದಿನಗಳು ಮುಗಿಯುವುದೇ ಇಲ್ಲ. ಆ ದಿನಗಳಿಗೆ ಮಕ್ಕಳನ್ನು ಯಾರೂ ತಯಾರು ಮಾಡಿರುವುದಿಲ್ಲ. ಕರೆಂಟ್ ಇಲ್ಲ, ಕರೆಂಟ್ ಇಲ್ಲದೆ ಪಂಪ್ ಇಲ್ಲ, ಪಂಪ್ ಇಲ್ಲದೆ ನೀರಿಲ್ಲ. ಫೋನ್ ಸತ್ತಿತ್ತು. ಊರಲ್ಲಿ ಅಜ್ಜಿಗೆ ನಾವು ಬದುಕಿದ್ದೇವೆ ಅಂತ ತಿಳಿಸಲು ಎಷ್ಟೋ ದಿನ ಹಿಡಿಯಿತು. ಅಮ್ಮ ನನ್ನನ್ನು ನೀರಿನ ಲೆಕ್ಕಕ್ಕೆ ಹಾಕಿದರು. ಡ್ರಮ್ಮಿನ ಹೊರಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ದಿನಕ್ಕೆ ಒಂದು ಗೆರೆ ಮಾತ್ರ ಇಳಿಯಬೇಕು ಅಂದರು. ಅಪ್ಪ ಜಾಸ್ತಿ ನೀರು ತೆಗೆದರೆ ನಾನು ಗದರುತ್ತಿದ್ದೆ. ಅಪ್ಪ ತಲೆ ಬಗ್ಗಿಸಿ ಚೊಂಬು ವಾಪಸ್ ಇಡುತ್ತಿದ್ದರು. ಈಗ ನನಗೂ ಮಕ್ಕಳಿದ್ದಾರೆ. ಅಪ್ಪ ಎಷ್ಟು ದೊಡ್ಡ ಕೆಲಸ ಮಾಡಿದರು ಅಂತ ಈಗ ಗೊತ್ತಾಗುತ್ತೆ.

ಮಾಡಬಾರದಿತ್ತು ಅನ್ನುವುದೂ ಒಂದಿದೆ. ಮನೆ ಕೆಲಸಕ್ಕೆ ಒಬ್ಬರು ಬರುತ್ತಿದ್ದರು. ನಾವು ಮಾವುಸಿ ಅನ್ನುತ್ತಿದ್ದೆವು. ಅವರ ಊರು ಎರಸಮಾ ಕಡೆ, ಸಮುದ್ರದ ಹತ್ತಿರ. ಗಾಳಿಗೆ ಎರಡು ದಿನ ಮುಂಚೆ ಊರಿಗೆ ಹೋಗಿದ್ದರು, ದೀಪಾವಳಿ ಹೊತ್ತಿಗೆ ಬರುತ್ತೇನೆ ಅಂದಿದ್ದರು. ಅವರ ಮಗ ನನ್ನ ವಯಸ್ಸಿನವನು. ಅವನಿಗೆ ಅಂತ ಒಂದು ಪ್ಯಾಕೆಟ್ ಸುರುಸುರು ಬತ್ತಿ ಎತ್ತಿಟ್ಟಿದ್ದೆ. ಆ ವರ್ಷ ನವೆಂಬರ್ 7ಕ್ಕೆ ದೀಪಾವಳಿ. ಅವರು ಬರಲಿಲ್ಲ. ಕೇಳಿದಾಗೆಲ್ಲ ಅಮ್ಮ "ಊರಲ್ಲೇ ಇರ್ತಾರಂತೆ" ಅನ್ನುತ್ತಿದ್ದರು. ನಾನು ನಂಬಿದೆ. ನಂಬಿದ್ದಕ್ಕೇ ನನಗೆ ಸಿಟ್ಟು ಬಂತು, ನಮ್ಮನ್ನು ಮರೆತರು ಅಂತ. ಒಂದು ವರ್ಷ ಅವರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಎರಸಮಾದಲ್ಲಿ ಸಮುದ್ರ 5-6 ಮೀಟರ್ ಎದ್ದು ಊರೊಳಗೆ ಬಂದಿತ್ತು ಅಂತ ತಿಳಿದಾಗ ನನಗೆ 15. ಆ ಚಂಡಮಾರುತದಲ್ಲಿ ಸತ್ತವರು ಸುಮಾರು 10,000 ಜನ. ಹೆಚ್ಚಿನವರು ಎರಸಮಾ ಇರುವ ಜಗತ್‌ಸಿಂಗ್‌ಪುರ ಜಿಲ್ಲೆಯವರು. ಗಾಳಿಗಿಂತ ನೀರಿಗೆ ಹೋದವರೇ ಜಾಸ್ತಿ.

ಅಮ್ಮ ನನ್ನನ್ನು ಕಾಪಾಡಲು ಹೇಳಿದ ಸುಳ್ಳು ಅದು. ಅಮ್ಮನ ಮೇಲೆ ನನಗೆ ಬೇಸರವಿಲ್ಲ. ಆದರೆ ಮಾವುಸಿಗಾಗಿ ಅಳಬೇಕಾದ ವರ್ಷದಲ್ಲಿ ನಾನು ಅವರ ಮೇಲೆ ಮುನಿಸಿಕೊಂಡಿದ್ದೆ. ಅದು ಇವತ್ತಿಗೂ ಚುಚ್ಚುತ್ತದೆ. ಮಗಳು ಕೇಳಿದ್ದಕ್ಕೆ ಅವಳಿಗೆ ಅರ್ಥವಾಗುವಷ್ಟು ನಿಜ ಹೇಳಿ, ಅಕ್ಕ.

ಹೋಮ್‌ಸ್ಟೆಡ್, 1992

ನಾವು ಫ್ಲಾರಿಡಾದ ಹೋಮ್‌ಸ್ಟೆಡ್‌ನಲ್ಲಿ ಆಂಡ್ರ್ಯೂ ಚಂಡಮಾರುತ ನೋಡಿದವರು. ಆಗಸ್ಟ್ 24ರ ಬೆಳಗಿನ ಜಾವ, ಇನ್ನೂ ಕತ್ತಲು. ನನಗೆ 10, ತಂಗಿಗೆ 5. ಗಾಳಿ ಗಂಟೆಗೆ ಸುಮಾರು 265 ಕಿ.ಮೀ. ಅದನ್ನು ಮೊದಲು ನಾಲ್ಕನೇ ದರ್ಜೆ ಅಂದಿದ್ದರು. ಹತ್ತು ವರ್ಷ ಕಳೆದು ಮತ್ತೆ ಲೆಕ್ಕ ಹಾಕಿ ಐದನೇ ದರ್ಜೆಗೆ, ಅಂದರೆ ಎಲ್ಲಕ್ಕಿಂತ ಜೋರಿನದಕ್ಕೆ ಸೇರಿಸಿದರು.

ಬಟ್ಟೆ ಇಡುವ ಚಿಕ್ಕ ಕೋಣೆಯಲ್ಲಿ ನಾಲ್ಕೂ ಜನ ಕೂತಿದ್ದೆವು. ಮೇಲೆ ಹಾಸಿಗೆ ಹೊದ್ದುಕೊಂಡಿದ್ದೆವು. ಹಾಗೆ ಮಾಡಿ ಅಂತ ಹೇಳಿದ್ದು ರೇಡಿಯೋದಲ್ಲಿ. ಹವಾಮಾನ ಹೇಳುವ ಬ್ರಯನ್ ನಾರ್‌ಕ್ರಾಸ್ ಅನ್ನುವವರು ಸುಮಾರು 23 ಗಂಟೆ ಬಿಡದೆ ಮಾತಾಡಿದರು. ಟಿವಿ ಕೆಟ್ಟ ಮೇಲೂ ಅವರ ದನಿ ಬ್ಯಾಟರಿ ರೇಡಿಯೋದಲ್ಲಿ ಬರುತ್ತಿತ್ತು. ಈಗ ಯಾವುದು ಬರುತ್ತಿದೆ, ಈಗ ಏನು ಮಾಡಬೇಕು, ಅಷ್ಟೇ ಹೇಳುತ್ತಿದ್ದರು. ಗಾಬರಿ ಇಲ್ಲ, ಹೆದರಬೇಡಿ ಅನ್ನುವ ಸುಳ್ಳು ಸಮಾಧಾನವೂ ಇಲ್ಲ. ಅಪ್ಪನೂ ಅದೇ ದನಿಯಲ್ಲಿ ಅದನ್ನು ಕನ್ನಡಕ್ಕೆ ತಿರುಗಿಸಿ ಅಜ್ಜಿ ಕಥೆಯ ಹಾಗೆ ತಂಗಿಗೆ ಹೇಳುತ್ತಿದ್ದರು. ಕಿವಿ ಗುಯ್ ಅಂತ ಕಟ್ಟಿಕೊಳ್ಳುತ್ತಿತ್ತು, ವಿಮಾನ ಇಳಿಯುವಾಗ ಆಗುತ್ತಲ್ವಾ, ಹಾಗೆ.

ಆಮೇಲೆ ಸದ್ದು ನಿಂತಿತು. ಪೂರ್ತಿ. ಅದು ಚಂಡಮಾರುತದ ಕಣ್ಣು, ಅಂದರೆ ಅದರ ನಟ್ಟನಡುವಿನ ಗಾಳಿ ಇಲ್ಲದ ಜಾಗ. ಮುಗಿಯಿತು ಅಂದುಕೊಂಡು ನಾನು ಎದ್ದುಬಿಟ್ಟೆ. ಅಮ್ಮ ಅಂಗಿ ಹಿಡಿದು ಎಳೆದು ಕೂರಿಸಿದರು. ಅಷ್ಟು ಹೊತ್ತು ಉತ್ತರದಿಂದ ಹೊಡೆಯುತ್ತಿದ್ದ ಗಾಳಿ ಈಗ ದಕ್ಷಿಣದಿಂದ ಬಂತು. ಮೊದಲ ಸಲ ಸಡಿಲವಾಗಿದ್ದ ಮಾಡು ಎರಡನೇ ಸಲಕ್ಕೆ ಹಾರಿಹೋಯಿತು. ನಿಮ್ಮ ಮಗಳಿಗೆ ಇದೊಂದನ್ನು ಮೊದಲೇ ಹೇಳಿಡಿ. ನಡುವೆ ಸದ್ದು ನಿಂತರೆ ಅರ್ಧ ಆಯಿತು ಅಂತ ಅರ್ಥ, ಹೊರಗೆ ಓಡಬಾರದು.

ಮೇಲಿನವರು ನಿಜ ಹೇಳಿ ಅಂದಿದ್ದಾರೆ, ಒಪ್ಪುತ್ತೇನೆ. ಆದರೆ ಒಂದು ಮಾತು. ಅದೇ ಕೋಣೆಯಲ್ಲಿ ಕೂತಿದ್ದ ನನ್ನ ತಂಗಿಗೆ ಆ ದಿನಗಳೆಂದರೆ ಖುಷಿ. ಆಮೇಲೆ ಸೈನಿಕರು ಹಾಕಿಕೊಟ್ಟ ಟೆಂಟುಗಳು, ಪೊಟ್ಟಣದ ಊಟ, ಶಾಲೆ ತಡವಾಗಿ ಶುರುವಾದದ್ದು, ಇಡೀ ದಿನ ಅಪ್ಪ ಮನೆಯಲ್ಲೇ. ಬೀದಿಯ ಹೆಸರಿನ ಹಲಗೆಗಳೆಲ್ಲ ಹಾರಿಹೋಗಿದ್ದರಿಂದ ಜನ ತಮ್ಮ ಗೋಡೆ ಮೇಲೆ ಬಣ್ಣದಲ್ಲಿ ವಿಳಾಸ ಬರೆಯುತ್ತಿದ್ದರು. ನಮ್ಮ ಮನೆ ನಂಬರನ್ನು ತಂಗಿ ಬರೆದಳು, 7 ತಿರುಗುಮುರುಗಾಗಿತ್ತು. ನನಗೆ ಮಾತ್ರ ಮುಂದಿನ ಎರಡು ವರ್ಷ ರಾತ್ರಿ ಮಳೆ ಬಂದರೆ ನಿದ್ದೆ ಇಲ್ಲ. ಎಲ್ಲರೂ ಚಿಕ್ಕವಳು ಹೆದರಿರುತ್ತಾಳೆ ಅಂತ ಅವಳನ್ನೇ ನೋಡಿಕೊಂಡರು. ನಾನು ದೊಡ್ಡವನು ಅಂತ ನನ್ನನ್ನು ಯಾರೂ ಕೇಳಲಿಲ್ಲ. ಮಗು ಹೆದರಿದೆ ಅಂತ ನಾವೇ ತೀರ್ಮಾನ ಮಾಡುವುದು ಬೇಡ, ಹೆದರಿಲ್ಲ ಅಂತಲೂ ಬೇಡ. ಕೇಳಬೇಕು. ಮುಗಿದು ತಿಂಗಳಾದ ಮೇಲೆ ಮತ್ತೆ ಕೇಳಬೇಕು.

ಇನ್ನೊಂದು. ಆಗ ಹೋಮ್‌ಸ್ಟೆಡ್ ಇರುವ ಜಿಲ್ಲೆಯಲ್ಲಿ 25,000ಕ್ಕೂ ಜಾಸ್ತಿ ಮನೆ ಪೂರ್ತಿ ಹಾಳಾದವು. ಆ ಪಾಠದಿಂದಲೇ ಫ್ಲಾರಿಡಾದಲ್ಲಿ ಮನೆ ಕಟ್ಟುವ ನಿಯಮ ಬಿಗಿಯಾದದ್ದು. ನಿಮ್ಮ ಮನೆ ಯಾವ ವರ್ಷದ್ದು ಅಂತ ನೋಡಿ. 2002ರ ನಂತರದ್ದಾದರೆ ಆ ಬಿಗಿ ನಿಯಮದ ಪ್ರಕಾರ ಕಟ್ಟಿದ್ದು, ಮಗಳಿಗೆ ಅದನ್ನೂ ಹೇಳಬಹುದು.

ಹ್ಯೂಸ್ಟನ್, 2017

ಅಕ್ಕ, ನಾನು ಇಲ್ಲಿ ಚಿಕ್ಕವಳು. ಹಾರ್ವಿ ಚಂಡಮಾರುತ ಬಂದಾಗ 11 ವರ್ಷ. ನಮಗೆ ಗಾಳಿ ಅಷ್ಟು ಇರಲಿಲ್ಲ, ನಾಲ್ಕು ದಿನ ಬರೀ ಮಳೆ. ಟೆಕ್ಸಸ್‌ನ ಒಂದು ಕಡೆ ಒಂದೂವರೆ ಮೀಟರ್ ಮಳೆ ಬಿದ್ದಿದೆ. ಚಂಡಮಾರುತದ ದರ್ಜೆ ಅಂದರೆ ಗಾಳಿಯ ಅಳತೆ ಮಾತ್ರ, ಮಳೆಯದ್ದಲ್ಲ. ದರ್ಜೆ ಕಡಿಮೆ ಆಯಿತು ಅಂತ ಸುದ್ದಿ ಬಂದಾಗ ನಾವು ಉಸಿರು ಬಿಟ್ಟಿದ್ದೆವು. ಅದು ತಪ್ಪಾಯಿತು. ಮೇಲಿನ ಜಲಾಶಯಗಳು ತುಂಬಿ ನೀರು ಬಿಟ್ಟಾಗ ನಮ್ಮ ಕಡೆ ಮಳೆ ನಿಲ್ಲುತ್ತಾ ಬಂದಿದ್ದರೂ ಮನೆಯೊಳಗೆ ನೀರು ಏರಿತು. ದೋಣಿಯಲ್ಲಿ ಕರೆದುಕೊಂಡು ಹೋದರು.

ನನಗೆ ನೋವಾಗಿದ್ದು ಆಮೇಲೆ. ಒದ್ದೆಯಾದದ್ದನ್ನೆಲ್ಲ ಮನೆ ಮುಂದೆ ರಾಶಿ ಹಾಕಿದರು. ನನ್ನ ಚಿತ್ರದ ಪುಸ್ತಕಗಳು ಆ ರಾಶಿಯಲ್ಲಿ ಕಂಡವು. ಬೂಸ್ಟು ಹಿಡಿದಿತ್ತು, ಎಸೆಯಲೇಬೇಕಿತ್ತು, ಅದು ಗೊತ್ತು. ಆದರೆ ನನಗೆ ಒಂದು ಮಾತು ಹೇಳಿ ಎಸೆಯಬಹುದಿತ್ತು. ಮಗಳಿಗೆ ಈಗಲೇ ಒಂದು ಚಿಕ್ಕ ಬ್ಯಾಗ್ ಕೊಡಿ. ಅದರಲ್ಲಿ ಏನಿಡಬೇಕು ಅಂತ ಅವಳೇ ಆರಿಸಲಿ, ನಿಮಗೆ ಕೆಲಸಕ್ಕೆ ಬಾರದ್ದು ಅನ್ನಿಸಿದರೂ ಸರಿ. ಕನ್ನಡಕ ಇದ್ದರೆ ಹಳೆಯದೊಂದು, ಮತ್ತೆ ಶೂ. ನೀರು ಬಂದರೆ ಬರಿಗಾಲಲ್ಲಿ ನಡೆಯುವ ಹಾಗಿಲ್ಲ. ನೀರು ಏರುತ್ತಿದೆ ಅಂತ ಮಾಡಿನ ಕೆಳಗಿನ ಅಟ್ಟಕ್ಕೆ ಹತ್ತಬೇಡಿ, ಮಾಡು ಒಡೆದು ಹೊರಗೆ ಬರಲು ಕೊಡಲಿ ಇಲ್ಲದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತೀರಿ. ಹಾರ್ವಿ ಹೊತ್ತಿನಲ್ಲಿ ಪೊಲೀಸರೇ ಇದನ್ನು ಕೂಗಿ ಹೇಳುತ್ತಿದ್ದರು.

ಪ್ರಶ್ನೆ ಕೇಳಿದವರು

ಎಲ್ಲರದ್ದೂ ಎರಡೆರಡು ಸಲ ಓದಿದೆ. ಮಾವುಸಿ ಕಥೆ ಓದಿ ಸ್ವಲ್ಪ ಹೊತ್ತು ಏನೂ ಮಾಡಲು ಆಗಲಿಲ್ಲ. ಒಂದು ಅನುಮಾನ. ಮನೆ ಬಿಟ್ಟು ಹೋಗುವುದೇ ಮಗುವಿಗೆ ಜಾಸ್ತಿ ಭಯ ಆಗುವುದಿಲ್ವಾ? ನಮ್ಮ ಮನೆ ಗಟ್ಟಿ ಇದೆ, ಒಳಗೇ ಇರೋಣ ಅನ್ನುತ್ತಾರೆ ನಮ್ಮವರು.

ಭುವನೇಶ್ವರ, 1999

ನಿಮ್ಮ ಮನೆ ಯಾವ ವಲಯದಲ್ಲಿದೆ, ಮೊದಲು ಅದನ್ನು ನೋಡಿ. ಫ್ಲಾರಿಡಾದಲ್ಲಿ ಎ, ಬಿ, ಸಿ ಅಂತ ಖಾಲಿ ಮಾಡಬೇಕಾದ ವಲಯ ಗುರುತು ಮಾಡಿರುತ್ತಾರೆ. ಅದು ಸಮುದ್ರದ ನೀರು ಎಲ್ಲಿವರೆಗೆ ಬರಬಹುದು ಅನ್ನುವ ಲೆಕ್ಕ. ನಿಮ್ಮ ವಲಯದ ಹೆಸರು ಕರೆದರೆ ಹೊರಡಿ. ಗೋಡೆ ಗಟ್ಟಿ ಇದ್ದರೆ ಗಾಳಿ ತಡೆಯುತ್ತದೆ, ನೀರನ್ನಲ್ಲ. ಒಡಿಶಾ ಕಲಿತದ್ದೂ ಇದನ್ನೇ. 2019ರ ಮೇ 3ರಂದು ಫಾನಿ ಚಂಡಮಾರುತ ಪುರಿಗೆ ಬಂದಾಗ 10 ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಬೇರೆ ಕಡೆ ಸೇರಿಸಿದ್ದರು. ಅಷ್ಟು ದೊಡ್ಡ ಗಾಳಿಗೆ ರಾಜ್ಯದಲ್ಲಿ ಸತ್ತವರು ನೂರಕ್ಕಿಂತ ಕಡಿಮೆ. ಟಿವಿಯಲ್ಲಿ ಆ ಸುದ್ದಿ ನೋಡುತ್ತಾ ನಾನೂ ಅಮ್ಮನೂ ಅತ್ತೆವು. 1999ರಲ್ಲಿ ಹೀಗೆ ಮಾಡಿದ್ದರೆ ಅಂತ.

ಭಯಕ್ಕೆ ಒಂದು ದಾರಿ ಇದೆ. ಎಲ್ಲಿಗೆ ಹೋಗುತ್ತೀರಿ ಅಂತ ಈಗಲೇ ಗೊತ್ತು ಮಾಡಿ, ಬಿಸಿಲಿರುವ ದಿನ ಒಮ್ಮೆ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬನ್ನಿ. ನೋಡಿದ ಜಾಗಕ್ಕೆ ಮಕ್ಕಳು ಹೆದರುವುದು ಕಡಿಮೆ. ಮತ್ತೆ, ಜನರೇಟರ್ ಇದ್ದರೆ ಮನೆಯೊಳಗಾಗಲಿ ಗ್ಯಾರೇಜಿನಲ್ಲಾಗಲಿ ಓಡಿಸಲೇಬೇಡಿ. ಅದರ ಹೊಗೆಯಲ್ಲಿರುವ ವಿಷಕ್ಕೆ ವಾಸನೆ ಇಲ್ಲ. ಗಾಳಿ ಮುಗಿದ ಮೇಲೆ ಹೋಗುವ ಜೀವಗಳಲ್ಲಿ ಎಷ್ಟೋ ಅದರಿಂದಲೇ ಹೋಗುತ್ತವೆ.

ಪ್ರಶ್ನೆ ಕೇಳಿದವರು

ನೋಡಿದೆವು. ನಮ್ಮದು ಬಿ ವಲಯ. ಕರೆದರೆ ಹೊರಡುತ್ತೇವೆ ಅಂತ ನಮ್ಮವರೂ ಒಪ್ಪಿದರು. ಒರ್ಲ್ಯಾಂಡೊದಲ್ಲಿ ಸ್ನೇಹಿತರ ಮನೆ ಇದೆ, ಈ ಶನಿವಾರ ಹೋಗಿ ಬರುತ್ತೇವೆ.

ನಿನ್ನೆ ರಾತ್ರಿ ಮಗಳನ್ನು ಕೂರಿಸಿಕೊಂಡು ನಕಾಶೆ ತೋರಿಸಿದೆ. ಗಾಳಿ ಏನು, ನೀರು ಏನು, ಕಣ್ಣು ಏನು, ಎಲ್ಲ ಹೇಳಿದೆ. ಬ್ಯಾಗಿಗೆ ಏನಿಡುತ್ತೀಯ ಅಂತ ಕೇಳಿದರೆ ಉತ್ತರ ಕೊಡಲಿಲ್ಲ. "ಪಕ್ಕದ ಮನೆ ಅಜ್ಜಿ ಎಲ್ಲಿಗೆ ಹೋಗ್ತಾರೆ?" ಅಂದಳು. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತಲೇ ಹೇಳಿದೆ. ಈಗ ಶಾಲೆಯಿಂದ ಬಂದಿದ್ದಾಳೆ. ಇಬ್ಬರೂ ಹೋಗಿ ಕೇಳಿಕೊಂಡು ಬರುತ್ತೇವೆ.