ಚೆಕ್-ಇನ್, ಪಾಸರ್-ಬೈ: ಒತ್ತು ಎಲ್ಲಿ ಬೀಳುತ್ತದೆ?

ಪ್ರಶ್ನೆ (ಶಹಾಪುರ, ಯಾದಗಿರಿ ಜಿಲ್ಲೆ): ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಡುವೆ ಅಡ್ಡಗೆರೆ ಇರುವ ನಾಮಪದ ಬಂದರೆ ಮಕ್ಕಳು ಎಲ್ಲ ತುಂಡನ್ನೂ ಒಂದೇ ಸಮ ಓದುತ್ತಾರೆ. ಗೆರೆ ಬಂದಲ್ಲಿ ನಿಂತೂ ಬಿಡುತ್ತಾರೆ. ಒತ್ತು ಎಲ್ಲಿ ಅಂತ ಹೇಗೆ ಹೇಳಿಕೊಡಲಿ?

ಬೀದರ್, ಹೋಟೆಲ್ ರಿಸೆಪ್ಷನ್: ಮೇಡಂ, ನಮ್ಮ ಕೌಂಟರಿನಲ್ಲಿ ದಿನಾ ಇದೇ ಮಾತು. ‘ಚೆಕ್-ಇನ್ ಟೈಮ್’ ಅನ್ನುವಾಗ ಅದು ನಾಮಪದ, ಒತ್ತು ‘ಚೆಕ್’ ಮೇಲೆ. ‘ಪ್ಲೀಸ್ ಚೆಕ್ ಇನ್’ ಅಂದರೆ ಕ್ರಿಯಾಪದ. ಆಗ ಗೆರೆ ಇರೋದಿಲ್ಲ, ಒತ್ತು ‘ಇನ್’ ಕಡೆ ಹೋಗುತ್ತದೆ. ಪಿಕ್-ಅಪ್, ಡ್ರಾಪ್-ಆಫ್ ಕೂಡ ಹೀಗೇ. ಕೆಲವರು ಗೆರೆ ಬಿಟ್ಟು ‘ಪಿಕಪ್’ ಅಂತ ಸೇರಿಸಿ ಬರೆಯುತ್ತಾರೆ, ಒತ್ತು ಬದಲಾಗೋದಿಲ್ಲ. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗಲ್ಲ ಅಲ್ವಾ, ಅದಕ್ಕೇ ನಮ್ಮ ಕಿವಿಗೆ ಇದು ಬೇಗ ಹಿಡಿಯೋದಿಲ್ಲ.

ಕಲಬುರಗಿ, ನಿವೃತ್ತ ಮೇಷ್ಟ್ರು: ಮೇಲಿನವರು ಹೇಳಿದ್ದು ಸರಿ. ಆದರೆ ನಾಮಪದ ಅಂದಕೂಡಲೇ ಮೊದಲ ತುಂಡು ಅಂತ ಬೋರ್ಡಿನ ಮೇಲೆ ಬರೆದುಬಿಡಬೇಡಿ. ಪಾಸರ್-ಬೈ, ರನ್ನರ್-ಅಪ್ ಕೂಡ ನಾಮಪದವೇ, ಒತ್ತು ಜೋರಾಗಿ ಬೀಳೋದು ಕೊನೆಯ ತುಂಡಿಗೆ. ಬಹುವಚನ ನೋಡಿದರೆ ಸುಳಿವು ಸಿಗುತ್ತದೆ. ಪಾಸರ್ಸ್-ಬೈ, ರನ್ನರ್ಸ್-ಅಪ್‌ನಲ್ಲಿ ‘ಸ್’ ನಡುವೆ ಬರುತ್ತದೆ. ಚೆಕ್-ಇನ್ಸ್, ಫಾಲೋ-ಅಪ್ಸ್‌ನಲ್ಲಿ ಕೊನೆಗೆ. ಈ ಸುಳಿವು ಎಲ್ಲ ಕಡೆ ನಡೆಯೋದಿಲ್ಲ. ಮದರ್ಸ್-ಇನ್-ಲಾದಲ್ಲಿ ‘ಸ್’ ನಡುವೆಯೇ ಇದೆ, ಒತ್ತು ಮಾತ್ರ ಮೊದಲ ‘ಮ’ ಮೇಲೆ. (ಅತ್ತೆಯವರನ್ನ ನಿಯಮಕ್ಕೆ ಕಟ್ಟೋಕಾಗುತ್ತಾ?) ವೆಲ್-ಬೀಯಿಂಗ್‌ನಲ್ಲಿ ‘ಬೀ’ ಮೇಲೆ. ಹಾಗಾಗಿ ಡಿಕ್ಷನರಿ ನೋಡೋದನ್ನೇ ರೂಢಿ ಮಾಡಿಸಿ. ಉಚ್ಚಾರಣೆ ಕೊಟ್ಟಲ್ಲಿ ಮೇಲ್ಗಡೆ ಒಂದು ಚಿಕ್ಕ ನೆಟ್ಟ ಗೆರೆ ಇರುತ್ತದೆ. ಅದರ ಮುಂದಿನ ಸಿಲೆಬಲ್‌ಗೇ (ಒಂದು ಸ್ವರದ ಜೊತೆ ಒಟ್ಟಿಗೆ ನುಡಿಯುವ ದನಿ) ಒತ್ತು. ಕೆಳಗಡೆ ಗೆರೆ ಇದ್ದರೆ ಸಣ್ಣ ಒತ್ತು.

ಕಲಬುರಗಿ, ಸ್ಪೋಕನ್ ಇಂಗ್ಲಿಷ್ ಕ್ಲಾಸ್: ಅಡ್ಡಗೆರೆ ನೋಡಿ ಸಿಲೆಬಲ್ ಎಣಿಸಬಾರದು. ಮೆರ್ರಿ-ಗೋ-ರೌಂಡ್‌ನಲ್ಲಿ ತುಂಡು ಮೂರು, ಸಿಲೆಬಲ್ ನಾಲ್ಕು. ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಸ್ಕೂಲ್ ‘ಇಸ್ಕೂಲ್’ ಆಗುವ ಹಾಗೆ ಸ್ಟಾರ್ಟ್-ಅಪ್ ‘ಇಸ್ಟಾರ್ಟಪ್’ ಆಗುತ್ತದೆ. ಎರಡು ಇದ್ದದ್ದು ಮೂರಾಯಿತು. ಮೊದಲದಕ್ಕೆ ಒತ್ತು ಕೊಡಿ ಅಂದರೆ ಮಕ್ಕಳು ಪಾಪ, ಆ ‘ಇ’ಗೇ ಕೊಡುತ್ತಾರೆ. ಮೊದಲು ಅದನ್ನ ತಿದ್ದಿ, ಒತ್ತು ಆಮೇಲೆ. ಒತ್ತು ಅಂದರೆ ಕೂಗೋದಲ್ಲ ಅಂತಲೂ ಹೇಳಿ. ಆ ಸಿಲೆಬಲ್ ಸ್ವಲ್ಪ ಉದ್ದ, ಸ್ವಲ್ಪ ಎತ್ತರದ ದನಿ, ಉಳಿದದ್ದು ಮೆತ್ತಗೆ.

ಪ್ರಶ್ನೆ ಕೇಳಿದವರು: ಹಾಗಾದರೆ ಎಕ್ಸ್-ರೇ?

ನಿವೃತ್ತ ಮೇಷ್ಟ್ರು: ‘ಎಕ್ಸ್’ ಮೇಲೆ. ಎರಡೇ ಸಿಲೆಬಲ್ ನೋಡ್ರಿ, ‘ಎಕ್ಸರೇ’ ಅಂದರೆ ಮೂರಾಗುತ್ತದೆ.