ತಿಂಗಳಿಗೊಂದು ಪುಸ್ತಕ ಓದುವ ಬಳಗಕ್ಕೆ ‘ಮಲೆಗಳಲ್ಲಿ ಮದುಮಗಳು’ ಹೊಂದುತ್ತದೆಯೇ?

ಪ್ರಶ್ನೆ (ದಾವಣಗೆರೆಯ ಓದುಗ):
ನಮ್ಮ ಓದುಗರ ಬಳಗದಲ್ಲಿ ಹನ್ನೊಂದು ಮಂದಿ ಇದ್ದೇವೆ. ತಿಂಗಳಿಗೊಂದು ಪುಸ್ತಕ ಓದಿ, ಕೊನೆಯ ಭಾನುವಾರ ಒಬ್ಬರ ಮನೆಯಲ್ಲಿ ಸೇರಿ ಚರ್ಚಿಸುತ್ತೇವೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಎಲ್ಲರಿಗೂ ಹಿಡಿಸಿತು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ಬಾನು ಮುಷ್ತಾಕ್ ಅವರ ಕತೆಗಳನ್ನು ಮೂಲ ಕನ್ನಡದಲ್ಲಿಯೇ ಓದಿದೆವು. ಈಗ ನಾನು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಸೂಚಿಸಿದ್ದೇನೆ. ನನ್ನಲ್ಲಿರುವ ಪ್ರತಿ ಏಳುನೂರು ಪುಟ ದಾಟುತ್ತದೆ. ಹಿಂದೊಮ್ಮೆ ದೊಡ್ಡ ಕಾದಂಬರಿಯೊಂದನ್ನು ಆರಿಸಿದಾಗ ಅರ್ಧದಷ್ಟು ಜನ ಓದಿ ಮುಗಿಸದೆಯೇ ಬಂದು, ಚರ್ಚೆ ಬರಿಯ ಕಥಾಸಾರದಲ್ಲಿ ಕೊನೆಗೊಂಡಿತ್ತು. ಅದು ಈ ಕೃತಿಗೂ ಆಗಬಾರದೆಂಬುದೇ ನನ್ನ ಕಳವಳ.

ಉತ್ತರ (ಮೈಸೂರಿನ ಓದುಗಳು):
ದಯವಿಟ್ಟು ಒಂದೇ ತಿಂಗಳ ಗಡುವು ಹಾಕಿಕೊಳ್ಳಬೇಡಿ. ನಾವು ಇದನ್ನು ನಾಲ್ಕು ತಿಂಗಳಿಗೆ ಹಂಚಿಕೊಂಡೆವು. ಗುತ್ತಿ–ತಿಮ್ಮಿ, ಮುಕುಂದಯ್ಯ–ಚಿನ್ನಮ್ಮ, ಐತ–ಪೀಂಚಲು ಹೀಗೆ ಹಲವು ಬದುಕುಗಳು ಒಂದರೊಳಗೊಂದು ಹೆಣೆದುಕೊಳ್ಳುವುದರಿಂದ ಮೊದಲ ನೂರು ಪುಟಗಳಲ್ಲಿ ಯಾರು ಯಾವ ಮನೆಯವರೆಂದು ತಿಳಿಯದೆ ಕೆಲವರು ಕೈಚೆಲ್ಲುತ್ತಾರೆ. ನಾವು ದೊಡ್ಡ ಹಾಳೆಯೊಂದರಲ್ಲಿ ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹಳೆಮನೆ, ಹೂವಳ್ಳಿ ಎಂದು ಬರೆದು, ಆಯಾ ಊರಿನ ಕೆಳಗೆ ಅಲ್ಲಿಯವರ ಹೆಸರುಗಳನ್ನು ಓದುತ್ತ ಹೋದಂತೆ ಸೇರಿಸಿದೆವು. 2010ರಲ್ಲಿ ಇಲ್ಲಿಯ ರಂಗಾಯಣ ಇದನ್ನು ಇಡೀ ರಾತ್ರಿಯ ನಾಟಕವಾಗಿ ಆಡಿತ್ತು. ಅದನ್ನು ನೋಡಿದ್ದವರು ನಮ್ಮಲ್ಲಿ ಇಬ್ಬರಿದ್ದುದು ತುಂಬ ನೆರವಾಯಿತು.

ಉತ್ತರ (ತೀರ್ಥಹಳ್ಳಿ ಕಡೆಯವನು):
ಕಾಲಾವಕಾಶದ ಮಾತನ್ನು ಒಪ್ಪುತ್ತೇನೆ, ಆದರೆ ಪಟ್ಟಿಯ ಬಗ್ಗೆ ನನಗೆ ಹಿಂಜರಿಕೆಯಿದೆ. ಇಲ್ಲಿ ಮುಖ್ಯರೂ ಇಲ್ಲ, ಅಮುಖ್ಯರೂ ಇಲ್ಲ ಎಂಬುದನ್ನು ಕುವೆಂಪು ಆರಂಭದಲ್ಲಿಯೇ ಹೇಳಿಬಿಡುತ್ತಾರೆ. ಮನುಷ್ಯರ ಹೆಸರುಗಳನ್ನಷ್ಟೇ ಬರೆದುಕೊಂಡು ಹೊರಟರೆ ಗುತ್ತಿಯ ನಾಯಿ ಹುಲಿಯ, ಕಾಡು, ಮಳೆ, ತುಂಗಾನದಿ ಇವೆಲ್ಲ ಹಿನ್ನೆಲೆಗೆ ಸರಿದುಬಿಡುತ್ತವೆ. ಅದರ ಬದಲು ಸಂಭಾಷಣೆಗಳನ್ನು ಗಟ್ಟಿಯಾಗಿ ಓದಿರಿ ಎಂದು ಕೇಳಿಕೊಳ್ಳುತ್ತೇನೆ. ಮಲೆನಾಡಿನ ಆಡುಮಾತು ಬಯಲುಸೀಮೆಯವರ ಕಣ್ಣಿಗೆ ಮೊದಮೊದಲು ತೊಡಕಾಗಬಹುದು, ಕಿವಿಗೆ ಅಷ್ಟು ತೊಡಕಾಗದು. ನನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ನಾನು ಓದುತ್ತಿದ್ದರೆ ಮುಂದಿನ ಮಾತನ್ನು ತಾನೇ ಊಹಿಸಿ ಹೇಳುತ್ತಿದ್ದರು.

ಪ್ರಶ್ನೆ ಕೇಳಿದವರ ಮಾತು:
ಇಬ್ಬರಿಗೂ ಕೃತಜ್ಞತೆಗಳು. ಬಳಗದವರು ನಾಲ್ಕು ತಿಂಗಳ ಓದಿಗೆ ಒಪ್ಪಿದ್ದಾರೆ. ಮೊದಲ ಭಾನುವಾರ ಚರ್ಚೆಯಿಲ್ಲ. ಗುತ್ತಿ ನಾಯಿಯೊಡನೆ ಬರುವ ಆರಂಭದ ಅಧ್ಯಾಯವನ್ನು ಸರದಿಯಂತೆ ಗಟ್ಟಿಯಾಗಿ ಓದುತ್ತೇವೆ. ಹೊಸಬರಿಗಾಗಿ ಪಟ್ಟಿಯನ್ನೂ ಮಾಡುತ್ತಿದ್ದೇನೆ, ಅದರ ಮೊದಲ ಸಾಲಿನಲ್ಲಿ ಹುಲಿಯನ ಹೆಸರನ್ನೇ ಬರೆದಿದ್ದೇನೆ.